ಡ್ರೈವರ್, ಬಯಾಸ್ ಅಪ್‌ಡೇಟ್: ಯಾವುದನ್ನು ಎಲ್ಲಿಂದ ಪಡೆಯಬೇಕು, ಕಸ್ಟಮರ್ ಕೇರ್‌ಗೆ ಏನು ಬರೆಯಬೇಕು?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ಐದು ವರ್ಷವಾಯಿತು, ವಾರಂಟಿ ಮುಗಿದಿದೆ. ವಿಂಡೋಸ್ 10ರಿಂದ 11ಕ್ಕೆ ಬಂದ ಮೇಲೆ ವೈಫೈ ಆಗಾಗ ಕಡಿದುಹೋಗುತ್ತಿದೆ. ಸ್ಲೀಪ್‌ನಿಂದ ಎಬ್ಬಿಸಿದಾಗ ಕೆಲವೊಮ್ಮೆ ಟಚ್‌ಪ್ಯಾಡ್ ಕೆಲಸವನ್ನೇ ಮಾಡುವುದಿಲ್ಲ. ತಯಾರಕರ ಸೈಟ್‌ನಲ್ಲಿ ನನ್ನ ಮಾಡೆಲ್‌ಗೆ ಹತ್ತಾರು ಫೈಲ್‌ಗಳಿವೆ, ಯಾವುದನ್ನು ಹಾಕಬೇಕೋ ತಿಳಿಯುತ್ತಿಲ್ಲ. ಬಯಾಸ್ ಮುಟ್ಟಲು ಭಯ. ಕಸ್ಟಮರ್ ಕೇರ್‌ನವರು ‘ಒಮ್ಮೆ ಫಾರ್ಮ್ಯಾಟ್ ಮಾಡಿ ನೋಡಿ’ ಎಂದು ಫೋನ್ ಇಟ್ಟರು. ಏನು ಮಾಡಲಿ?

ಉತ್ತರ: ಫಾರ್ಮ್ಯಾಟ್ ಸದ್ಯಕ್ಕೆ ಬೇಡ. ನೀವು ಬರೆದಿರುವ ಎರಡೂ ಲಕ್ಷಣಗಳನ್ನು ನೋಡಿದರೆ ಮೊದಲ ಅನುಮಾನ ಡ್ರೈವರ್‌ಗಳ ಮೇಲೇ, ಅಂದರೆ ಒಂದೊಂದು ಬಿಡಿಭಾಗವನ್ನೂ ನಡೆಸಲು ವಿಂಡೋಸ್‌ಗೆ ಬೇಕಾದ ಸಣ್ಣ ತಂತ್ರಾಂಶಗಳ ಮೇಲೇ, ಬರುತ್ತದೆ. ಹೊಸದಾಗಿ ವಿಂಡೋಸ್ ಹಾಕಿದರೂ ಅದು ತನ್ನ ಸಂಗ್ರಹದಲ್ಲಿರುವ ಡ್ರೈವರ್‌ಗಳನ್ನೇ ಮತ್ತೆ ತಂದು ಕೂರಿಸುತ್ತದೆ. ಒಂದು ದಿನ ಹಾಳಾಗುತ್ತದೆ, ತೊಂದರೆ ಇದ್ದಲ್ಲೇ ಇರುತ್ತದೆ. ನಿಮ್ಮ ಯಂತ್ರದೊಳಗೆ ನಿಖರವಾಗಿ ಯಾವ ಬಿಡಿಭಾಗವಿದೆ, ಅದರ ಡ್ರೈವರ್ ಯಾವ ಆವೃತ್ತಿಯದು ಎಂಬುದನ್ನು ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅಷ್ಟಾದರೆ ಆ ಹತ್ತಾರು ಫೈಲ್‌ಗಳಲ್ಲಿ ನಿಮಗೆ ಬೇಕಾದವು ನಾಲ್ಕೈದು ಮಾತ್ರ ಎಂದು ಗೊತ್ತಾಗುತ್ತದೆ. ಕಸ್ಟಮರ್ ಕೇರ್‌ನವರು ಸಿದ್ಧ ಉತ್ತರ ಓದಿ ನಿಮ್ಮನ್ನು ಸಾಗಹಾಕುವುದೂ ಕಷ್ಟವಾಗುತ್ತದೆ.

ಲ್ಯಾಪ್‌ಟಾಪ್ ಮುಚ್ಚಳದ ಮೇಲಿರುವ ಹೆಸರು ಮಾರಾಟಕ್ಕಾಗಿ ಇಟ್ಟದ್ದು, ಅದನ್ನು ನಂಬಿ ಫೈಲ್ ಇಳಿಸಬೇಡಿ. ಒಂದೇ ಹೆಸರಿನ ಮಾಡೆಲ್‌ನಲ್ಲಿ ಒಂದು ಬ್ಯಾಚ್‌ಗೆ ಇಂಟೆಲ್ ವೈಫೈ ಕಾರ್ಡ್, ಮತ್ತೊಂದಕ್ಕೆ ರಿಯಲ್‌ಟೆಕ್ ಅಥವಾ ಮೀಡಿಯಾಟೆಕ್ ಕಾರ್ಡ್ ಹಾಕಿರುವುದು ತೀರ ಸಾಮಾನ್ಯ. ಬೇಕಾಗಿರುವುದು ಅಡಿಭಾಗದ ಲೇಬಲ್ ಮೇಲಿನ ಗುರುತು. ಡೆಲ್ ಆದರೆ ಏಳು ಅಕ್ಷರಗಳ ಸರ್ವೀಸ್ ಟ್ಯಾಗ್. ಎಚ್‌ಪಿ ಆದರೆ ಸೀರಿಯಲ್ ನಂಬರ್ ಜೊತೆಗೆ ಪ್ರಾಡಕ್ಟ್ ನಂಬರ್ ಕೂಡ. ಲೆನೊವೊ ಆದರೆ ಸೀರಿಯಲ್ ನಂಬರ್ ಮತ್ತು ನಾಲ್ಕು ಅಕ್ಷರಗಳ ಮಷೀನ್ ಟೈಪ್. ಲೇಬಲ್ ಸವೆದುಹೋಗಿದ್ದರೆ ಬಯಾಸ್‌ನ (ವಿಂಡೋಸ್‌ಗಿಂತ ಮೊದಲು ಓಡಿ ಯಂತ್ರವನ್ನು ಎಬ್ಬಿಸುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶದ) ಮೊದಲ ಪುಟದಲ್ಲಿ ಸೀರಿಯಲ್ ನಂಬರ್ ಸಾಮಾನ್ಯವಾಗಿ ಸಿಗುತ್ತದೆ. ಎಚ್‌ಪಿಯ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಮತ್ತು ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಇಷ್ಟೂ ವಿವರ ಪರದೆಗೆ ಬರುತ್ತದೆ. ವಿಂಡೋಸ್‌ನ ‘ಸಿಸ್ಟಮ್ ಇನ್ಫರ್ಮೇಶನ್’ ತೆರೆದರೆ ಬಯಾಸ್ ಆವೃತ್ತಿ, ಅದರ ದಿನಾಂಕ, ಪ್ರೊಸೆಸರ್ ಎಲ್ಲ ಒಂದೇ ಪುಟದಲ್ಲಿವೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಮುಂದಿನದು ವೈಫೈ ಕಾರ್ಡ್. ಬಿಡಿಭಾಗಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ನೆಟ್‌ವರ್ಕ್ ಅಡಾಪ್ಟರ್ಸ್’ ಕೆಳಗೆ ಕಾರ್ಡ್‌ನ ಹೆಸರಿರುತ್ತದೆ. ಹೆಸರು ಸ್ಪಷ್ಟವಾಗಿಲ್ಲದಿದ್ದರೆ ಅದರ ಪ್ರಾಪರ್ಟೀಸ್‌ಗೆ ಹೋಗಿ, ‘ಡೀಟೇಲ್ಸ್’ ಟ್ಯಾಬ್‌ನಲ್ಲಿ ‘ಹಾರ್ಡ್‌ವೇರ್ ಐಡೀಸ್’ ಆರಿಸಿ. ‘ವೆನ್’ ಎಂಬ ಅಕ್ಷರಗಳ ಮುಂದಿನ ನಾಲ್ಕು ಅಂಕಿ-ಅಕ್ಷರ ಚಿಪ್ ತಯಾರಿಸಿದವರನ್ನು ಹೇಳುತ್ತದೆ: 8086 ಇದ್ದರೆ ಇಂಟೆಲ್, 10ಇಸಿ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್, 14ಇ4 ಬ್ರಾಡ್‌ಕಾಮ್. ಪಟ್ಟಿಯಲ್ಲಿ ‘ಅನ್‌ನೋನ್ ಡಿವೈಸ್’ ಎಂದು ಹಳದಿ ಗುರುತಿನೊಂದಿಗೆ ಕೂತಿರುವ ಬಿಡಿಭಾಗ ಯಾವುದೆಂದು ಪತ್ತೆಹಚ್ಚಲೂ ಇದೇ ದಾರಿ.

ಪಕ್ಕದ ‘ಡ್ರೈವರ್’ ಟ್ಯಾಬ್‌ನಲ್ಲಿ ಆವೃತ್ತಿ ಸಂಖ್ಯೆಯನ್ನು ಬರೆದುಕೊಳ್ಳಿ, ದಿನಾಂಕಕ್ಕೆ ಹೆಚ್ಚು ಬೆಲೆ ಕೊಡಬೇಡಿ. ವಿಂಡೋಸ್ ಜೊತೆಗೇ ಬರುವ ಬಹಳಷ್ಟು ಡ್ರೈವರ್‌ಗಳ ಮೇಲೆ ಮೈಕ್ರೋಸಾಫ್ಟ್ ಬೇಕೆಂದೇ 21-6-2006 ಎಂಬ ದಿನಾಂಕ ಹಾಕಿರುತ್ತದೆ. ಇಂಟೆಲ್ ಚಿಪ್‌ಸೆಟ್ (ಪ್ರೊಸೆಸರ್‌ಗೂ ಉಳಿದ ಬಿಡಿಭಾಗಗಳಿಗೂ ನಡುವಿನ ಕೊಂಡಿಯಾದ ಚಿಪ್) ಫೈಲ್‌ಗಳ ಮೇಲೆ 18-7-1968 ಎಂದಿರುವುದೂ ಉಂಟು, ಅದು ಆ ಕಂಪನಿ ಹುಟ್ಟಿದ ದಿನ. ಲ್ಯಾಪ್‌ಟಾಪ್ ತಯಾರಕರು ಕೊಟ್ಟ ನಿರ್ದಿಷ್ಟ ಡ್ರೈವರ್ ಈಗಾಗಲೇ ಇದ್ದರೆ ಈ ಸಾಮಾನ್ಯ ಫೈಲ್ ಅದನ್ನು ತಳ್ಳಿ ಒಳಗೆ ಬರದಿರಲಿ ಎಂದು ಮಾಡಿಕೊಂಡ ವ್ಯವಸ್ಥೆ ಇದು. ಇದು ತಿಳಿಯದೆ ‘ಡ್ರೈವರ್ ಹಳೆಯದು’ ಎಂದು ಕಂಡಕಂಡ ಫೈಲ್ ಹಾಕಿ ಯಂತ್ರ ಕೆಡಿಸಿಕೊಳ್ಳುವವರು ಬಹಳ.

ಈಗ ಟಚ್‌ಪ್ಯಾಡ್. ಟಚ್‌ಪ್ಯಾಡ್ ಕೆಟ್ಟರೆ ಎಲ್ಲರೂ ಟಚ್‌ಪ್ಯಾಡ್ ಡ್ರೈವರ್ ಹುಡುಕುತ್ತಾರೆ, ಆದರೆ ಮೂಲ ಇನ್ನೊಂದು ಮೆಟ್ಟಿಲು ಕೆಳಗಿರುವುದೇ ಹೆಚ್ಚು. ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಟಚ್‌ಪ್ಯಾಡ್ ಸಾಮಾನ್ಯವಾಗಿ ಐ2ಸಿ ಎಂಬ ಸಣ್ಣ ಸಂಪರ್ಕದ ಮೂಲಕ ಚಿಪ್‌ಸೆಟ್‌ಗೆ ಸೇರಿರುತ್ತದೆ. ಆ ಸಂಪರ್ಕವನ್ನು ನಡೆಸುವುದು ಬೇರೆಯದೇ ಡ್ರೈವರ್. ಇಂಟೆಲ್ ಯಂತ್ರಗಳಲ್ಲಿ ಅದರ ಹೆಸರು ‘ಸೀರಿಯಲ್ ಐಒ’, ಎಎಂಡಿ ಯಂತ್ರಗಳಲ್ಲಿ ಅದು ಚಿಪ್‌ಸೆಟ್ ಪ್ಯಾಕೇಜ್‌ನ ಒಳಗೇ ಇರುತ್ತದೆ. ಸ್ಲೀಪ್‌ಗೆ ಹೋಗುವಾಗ ಈ ಕಂಟ್ರೋಲರ್‌ನ ವಿದ್ಯುತ್ ಕಡಿತವಾಗುತ್ತದೆ, ಎದ್ದಾಗ ಅದು ಸರಿಯಾಗಿ ಎಚ್ಚರಗೊಳ್ಳದಿದ್ದರೆ ಟಚ್‌ಪ್ಯಾಡ್ ಚೆನ್ನಾಗಿದ್ದರೂ ಅದರ ಮಾತು ವಿಂಡೋಸ್‌ಗೆ ತಲುಪುವುದಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಮುಂದಿನ ಸಲ ಟಚ್‌ಪ್ಯಾಡ್ ನಿಂತಾಗ ರೀಸ್ಟಾರ್ಟ್ ಮಾಡಬೇಡಿ. ಯುಎಸ್‌ಬಿ ಮೌಸ್ ಸಿಕ್ಕಿಸಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್’ ಕೆಳಗೆ ‘ಐ2ಸಿ ಎಚ್‌ಐಡಿ ಡಿವೈಸ್’ ಮೇಲೆ ಹಳದಿ ಗುರುತು ಇದೆಯೇ ನೋಡಿ. ಇದ್ದರೆ ಅದರ ಕೋಡ್ ಬರೆದುಕೊಳ್ಳಿ. ಕೋಡ್ 10 ಎಂದರೆ ಸಾಧನ ಶುರುವಾಗಲಿಲ್ಲ, 28 ಎಂದರೆ ಡ್ರೈವರೇ ಇಲ್ಲ, 43 ಎಂದರೆ ಸಾಧನವೇ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಆಮೇಲೆ ಅದನ್ನು ‘ಡಿಸೇಬಲ್’ ಮಾಡಿ ಮತ್ತೆ ‘ಎನೇಬಲ್’ ಮಾಡಿ. ಆಗ ಟಚ್‌ಪ್ಯಾಡ್ ಬದುಕಿ ಬಂದರೆ ಹಾರ್ಡ್‌ವೇರ್ ಬಹುತೇಕ ಸರಿಯಿದೆ, ಕೆಲಸ ಇರುವುದು ಸೀರಿಯಲ್ ಐಒ, ಚಿಪ್‌ಸೆಟ್ ಅಥವಾ ಬಯಾಸ್ ಅಪ್‌ಡೇಟ್‌ನಲ್ಲಿ. ಬರದಿದ್ದರೆ ಒಳಗಿನ ಚಪ್ಪಟೆ ಕೇಬಲ್ ಸಡಿಲವಾಗಿರುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ವೈಫೈಗೂ ಮೊದಲೊಂದು ಸಣ್ಣ ಪರೀಕ್ಷೆ ಇದೆ. ಕಡಿತವಾದ ಗಳಿಗೆಯಲ್ಲಿ ಅದೇ ವೈಫೈಗೆ ಸೇರಿದ ಫೋನ್ ಕೆಲಸ ಮಾಡುತ್ತಿದೆಯೇ? ಅದೂ ನಿಂತಿದ್ದರೆ ಲ್ಯಾಪ್‌ಟಾಪ್ ಬಿಟ್ಟು ರೂಟರ್ ಕಡೆ ನೋಡಿ. ಫೋನ್ ಸರಿಯಿದ್ದರೆ ವೈಫೈ ಕಾರ್ಡ್‌ನ ಪ್ರಾಪರ್ಟೀಸ್‌ನಲ್ಲಿ ‘ಪವರ್ ಮ್ಯಾನೇಜ್‌ಮೆಂಟ್’ ಟ್ಯಾಬ್ ಇದ್ದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆದು ಒಂದೆರಡು ದಿನ ನೋಡಿ. ಮಾಡರ್ನ್ ಸ್ಟ್ಯಾಂಡ್‌ಬೈ (ಫೋನ್‌ನಂತೆ ಅರೆನಿದ್ದೆಯಲ್ಲಿರುವ ಹೊಸ ಬಗೆಯ ಸ್ಲೀಪ್) ಇರುವ ಯಂತ್ರಗಳಲ್ಲಿ ಆ ಟ್ಯಾಬ್ ಕಾಣದೇ ಇರಬಹುದು, ಅದು ದೋಷವಲ್ಲ.

ಫೈಲ್ ಎಲ್ಲಿಂದ ತರಬೇಕು ಎಂಬುದಕ್ಕೆ ನನ್ನ ಉತ್ತರ ಖಚಿತ. ಲ್ಯಾಪ್‌ಟಾಪ್‌ನಲ್ಲಿ ಬಯಾಸ್, ಚಿಪ್‌ಸೆಟ್, ಸೀರಿಯಲ್ ಐಒ, ಆಡಿಯೊ, ಟಚ್‌ಪ್ಯಾಡ್, ಹಾಟ್‌ಕೀ ಇವೆಲ್ಲ ಲ್ಯಾಪ್‌ಟಾಪ್ ತಯಾರಕರ ಸಪೋರ್ಟ್ ಪುಟದಿಂದಲೇ ಬರಲಿ, ಅದೂ ಸೀರಿಯಲ್ ನಂಬರ್ ಕೊಟ್ಟು ತೆರೆದ ಪುಟದಿಂದ. ಇವನ್ನು ತಯಾರಕರು ತಮ್ಮ ಬೋರ್ಡ್‌ಗೆ ತಕ್ಕಂತೆ ಹೊಂದಿಸಿರುತ್ತಾರೆ. ವೈಫೈ, ಬ್ಲೂಟೂತ್ ಮತ್ತು ಗ್ರಾಫಿಕ್ಸ್ ಮಾತ್ರ ಬೇರೆ: ಇಂಟೆಲ್, ಎನ್‌ವಿಡಿಯಾ, ಎಎಂಡಿ ತಮ್ಮ ಸೈಟ್‌ನಲ್ಲಿ ಇಡುವ ಡ್ರೈವರ್ ಲ್ಯಾಪ್‌ಟಾಪ್ ತಯಾರಕರ ಪುಟದಲ್ಲಿರುವುದಕ್ಕಿಂತ ಸಾಮಾನ್ಯವಾಗಿ ಹೊಸದಾಗಿರುತ್ತದೆ. ನಿಮ್ಮ ವೈಫೈ ಕಾರ್ಡ್ ಇಂಟೆಲ್‌ನದಾದರೆ ಮೊದಲು ಲ್ಯಾಪ್‌ಟಾಪ್ ತಯಾರಕರ ಡ್ರೈವರ್ ಹಾಕಿ, ಕಡಿತ ನಿಲ್ಲದಿದ್ದರೆ ಇಂಟೆಲ್‌ನ ಸೈಟ್‌ನಿಂದ ಹೊಸದನ್ನು ಹಾಕಿ. ರಿಯಲ್‌ಟೆಕ್, ಮೀಡಿಯಾಟೆಕ್ ಕಾರ್ಡ್‌ಗಳಿಗೆ ತಯಾರಕರ ಪುಟ ಬಿಟ್ಟರೆ ವಿಂಡೋಸ್ ಅಪ್‌ಡೇಟೇ ಗತಿ. ಅಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ‘ಆಪ್ಷನಲ್ ಅಪ್‌ಡೇಟ್ಸ್’ ಎಂಬ ಜಾಗವಿದೆ. ತಾನಾಗಿ ಬರದ ಎಷ್ಟೋ ಡ್ರೈವರ್‌ಗಳು ನೀವು ಒಪ್ಪಿಗೆ ಕೊಡುವವರೆಗೆ ಅಲ್ಲೇ ಕಾದು ಕೂತಿರುತ್ತವೆ. ಹಾರ್ಡ್‌ವೇರ್ ಐಡಿ ಕೈಯಲ್ಲಿದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಲ್ಲೂ ಹುಡುಕಬಹುದು.

ಪುಟದಲ್ಲಿ ವಿಂಡೋಸ್ 11 ಆರಿಸಿದರೆ ಖಾಲಿ, ವಿಂಡೋಸ್ 10ರದು ಮಾತ್ರ ಇದೆ ಎನ್ನುವ ಪರಿಸ್ಥಿತಿ ಬಂದರೆ ಗಾಬರಿಯಾಗಬೇಡಿ. 64 ಬಿಟ್ ವಿಂಡೋಸ್ 10ರ ಡ್ರೈವರ್‌ಗಳು ವಿಂಡೋಸ್ 11ರಲ್ಲಿ ಸಾಮಾನ್ಯವಾಗಿ ನಡೆಯುತ್ತವೆ.

‘ನಿಮ್ಮ 17 ಡ್ರೈವರ್ ಹಳತಾಗಿವೆ’ ಎಂದು ಹೆದರಿಸುವ ಡ್ರೈವರ್ ಅಪ್‌ಡೇಟರ್ ಸಾಫ್ಟ್‌ವೇರ್‌ಗಳನ್ನು ದಯವಿಟ್ಟು ಹಾಕಬೇಡಿ. ನಿಮ್ಮ ಬೋರ್ಡ್‌ಗೆ ಹೊಂದಿಸಿದ ಫೈಲ್ ಯಾವುದೆಂದು ಅವಕ್ಕೆ ತಿಳಿಯುವುದು ಕಷ್ಟ, ಎಷ್ಟೋ ಸಲ ಬೇಡದ ಸರಕನ್ನೂ ಜೊತೆಗೆ ತುಂಬುತ್ತವೆ. ತಯಾರಕರದೇ ಅಪ್‌ಡೇಟ್ ಉಪಕರಣಗಳಿವೆ: ಡೆಲ್ ಕಮಾಂಡ್ ಅಪ್‌ಡೇಟ್, ಎಚ್‌ಪಿ ಸಪೋರ್ಟ್ ಅಸಿಸ್ಟೆಂಟ್, ಲೆನೊವೊ ವ್ಯಾಂಟೇಜ್. ಅವು ಸಾಕು. ಇಳಿಸಿದ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ‘ಡಿಜಿಟಲ್ ಸಿಗ್ನೇಚರ್ಸ್’ ನೋಡಿ. ಅಲ್ಲಿ ಲ್ಯಾಪ್‌ಟಾಪ್ ಅಥವಾ ಚಿಪ್ ತಯಾರಕರ ಹೆಸರಿಲ್ಲದಿದ್ದರೆ ತೆರೆಯಬೇಡಿ.

ಹಾಕುವ ಕ್ರಮವೂ ಮುಖ್ಯ. ಮೊದಲು ಒಂದು ರೀಸ್ಟೋರ್ ಪಾಯಿಂಟ್ (ಬೇಕಾದರೆ ವಿಂಡೋಸನ್ನು ಈಗಿನ ಸ್ಥಿತಿಗೆ ಮರಳಿಸುವ ಗುರುತು) ಮಾಡಿ. ಬೇಕಾದ ಎಲ್ಲ ಫೈಲ್‌ಗಳನ್ನು, ವಿಶೇಷವಾಗಿ ಈಗಿನ ವೈಫೈ ಡ್ರೈವರನ್ನು, ಒಂದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಆಮೇಲೆ ಚಿಪ್‌ಸೆಟ್, ಅದರ ಹಿಂದೆ ಸೀರಿಯಲ್ ಐಒ, ನಂತರ ವೈಫೈ, ಕೊನೆಗೆ ಟಚ್‌ಪ್ಯಾಡ್. ಒಂದಾದ ಮೇಲೆ ಒಂದು, ಪ್ರತಿ ಸಲವೂ ರೀಸ್ಟಾರ್ಟ್. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಸಾಲದು. ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಶಟ್‌ಡೌನ್‌ನಲ್ಲಿ ವಿಂಡೋಸ್‌ನ ಒಳಭಾಗ ಡಿಸ್ಕ್‌ಗೆ ಉಳಿದು, ಮುಂದಿನ ಸಲ ಅದೇ ಸ್ಥಿತಿ ಎದ್ದು ಬರುತ್ತದೆ. ರೀಸ್ಟಾರ್ಟ್‌ನಲ್ಲಿ ಹಾಗಾಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ತೊಂದರೆ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯದು, ಹೊಸ ತೊಂದರೆ ಬಂದರೂ ಯಾರ ಮೇಲೆ ಅನುಮಾನಪಡಬೇಕೆಂದು ತಿಳಿಯದು.

ಹೊಸ ಡ್ರೈವರ್‌ನಿಂದ ಸ್ಥಿತಿ ಬಿಗಡಾಯಿಸಿದರೆ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಅದು ಮಬ್ಬಾಗಿದ್ದರೆ ಹಿಂದಿನ ಡ್ರೈವರ್ ಉಳಿದಿಲ್ಲ ಎಂದರ್ಥ. ಆಗ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರನ್ನೂ ತೆಗೆಯುವ ಟಿಕ್ ಹಾಕಿ, ಪೆನ್‌ಡ್ರೈವ್‌ನಲ್ಲಿಟ್ಟ ಹಳೆಯದನ್ನು ಹಾಕಿ. ವೈಫೈಯೇ ಮಾಯವಾಗಿ ಇಂಟರ್ನೆಟ್ ಇಲ್ಲದಂತಾದರೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸೇರಿಸಿ ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿ. ಆಂಡ್ರಾಯ್ಡ್ ಫೋನ್ ಆದರೆ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಡದೆಯೇ ಇಂಟರ್ನೆಟ್ ಬರುತ್ತದೆ.

ಬಯಾಸ್ ಬಗ್ಗೆ ನಿಮಗಿರುವ ಭಯ ಸಹಜ, ಆದರೆ ಅದನ್ನು ಎಂದೂ ಮುಟ್ಟದಿರುವುದೂ ಕ್ಷೇಮವಲ್ಲ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಹೆಚ್ಚಾಗಿ ಚಿಪ್ ಕ್ರಮೇಣ ಹಾಳಾಗುವ ದೋಷ ಕಂಡುಬಂತು. ಪರಿಹಾರವಾಗಿ ಬಂದ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳು) ಸಿಕ್ಕಿದ್ದು ಮದರ್‌ಬೋರ್ಡ್‌ನ ಬಯಾಸ್ ಅಪ್‌ಡೇಟ್ ಮೂಲಕ. ಅದು ಹಾನಿಯನ್ನು ತಡೆಯುತ್ತದೆಯೇ ಹೊರತು ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ. ತಡಮಾಡಿದವರಿಗೆ ಉಳಿದದ್ದು ಚಿಪ್ ಬದಲಿಸಿಕೊಳ್ಳುವ ದಾರಿ, ಅದಕ್ಕಾಗಿ ಇಂಟೆಲ್ ವಾರಂಟಿಯನ್ನು ಎರಡು ವರ್ಷ ಹಿಗ್ಗಿಸಬೇಕಾಯಿತು. ಡೇಟಾ ಇಡುವ ಎಸ್‌ಎಸ್‌ಡಿಗಳಿಗೂ ಫರ್ಮ್‌ವೇರ್, ಅಂದರೆ ಸಾಧನದೊಳಗೇ ಕೂತಿರುವ ತಂತ್ರಾಂಶ, ಇರುತ್ತದೆ. 2019ರಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ ಓಡಿದ ಮೇಲೆ ಸತ್ತುಹೋಗುತ್ತವೆ, ಒಳಗಿನ ಡೇಟಾ ಮರಳದು ಎಂದು ಎಚ್ಚರಿಸಿತ್ತು. ಮುಂಚೆಯೇ ಫರ್ಮ್‌ವೇರ್ ಹಾಕಿದವರು ಮಾತ್ರ ಬಚಾವು. ಇನ್ನು ವಿಂಡೋಸ್ ಬೂಟ್ ಆಗುವಾಗ ಪರಿಶೀಲನೆಗೆ ಬಳಸುವ ಸೆಕ್ಯೂರ್ ಬೂಟ್ ಪ್ರಮಾಣಪತ್ರಗಳು 2011ರವು, 2026ರ ಜೂನ್‌ನಿಂದ ಅವುಗಳ ಅವಧಿ ಮುಗಿಯತೊಡಗುತ್ತದೆ. ಹೆಚ್ಚಿನ ಯಂತ್ರಗಳಿಗೆ ಹೊಸವು ವಿಂಡೋಸ್ ಅಪ್‌ಡೇಟ್ ಮೂಲಕ ಬರುತ್ತವೆ, ಕೆಲವಕ್ಕೆ ತಯಾರಕರ ಬಯಾಸ್ ಅಪ್‌ಡೇಟ್ ಕೂಡ ಬೇಕಾಗುತ್ತದೆ. ಐದು ವರ್ಷದ ಯಂತ್ರಕ್ಕೆ ಇದು ಅನ್ವಯಿಸುವ ಮಾತು.

ಬಯಾಸ್ ಹಾಕುವ ಮುನ್ನ ಅದರ ರಿಲೀಸ್ ನೋಟ್ಸ್ ಓದಿ. ‘ಸ್ಲೀಪ್’, ‘ಟಚ್‌ಪ್ಯಾಡ್’, ‘ಸೆಕ್ಯುರಿಟಿ’ ಎಂಬ ಪದಗಳು ಕಂಡರೆ ನಿಮಗೆ ಬೇಕಾದ್ದೇ ಅದು. ಕೆಲವಕ್ಕೆ ಮಧ್ಯದ ಒಂದು ಆವೃತ್ತಿಯನ್ನು ಮೊದಲು ಹಾಕಿರಬೇಕೆಂಬ ಷರತ್ತಿರುತ್ತದೆ. ಕೆಲವನ್ನು ಹಾಕಿದ ಮೇಲೆ ಹಿಂದಕ್ಕೆ ಹೋಗಲಾಗುವುದಿಲ್ಲ.

ಅತಿ ಹೆಚ್ಚು ಜನ ಎಡವುವುದು ಬಿಟ್‌ಲಾಕರ್‌ನಲ್ಲಿ, ಅಂದರೆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸ್ ವ್ಯವಸ್ಥೆಯಲ್ಲಿ. ಬಯಾಸ್ ಬದಲಾದರೆ ಆ ಬೀಗದ ಕೀ ಕಾಯುವ ಟಿಪಿಎಂ ಚಿಪ್‌ಗೆ ಯಂತ್ರ ಅಪರಿಚಿತವಾಗಿ ಕಾಣಬಹುದು, ಆಗ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ ಎಂದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ವಿಂಡೋಸ್ 11 ತಾನೇ ಅದನ್ನು ಚಾಲೂ ಮಾಡಿರಬಹುದು. ಆದ್ದರಿಂದ ಮೊದಲು ನಿಮ್ಮ ಮೈಕ್ರೋಸಾಫ್ಟ್ ಖಾತೆಯೊಳಗೆ ಹೋಗಿ ರಿಕವರಿ ಕೀ ಇದೆಯೇ ನೋಡಿ, ಕಾಗದದ ಮೇಲೆ ಬರೆದಿಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ಕಾಣಿಸಿದರೆ ‘ಸಸ್ಪೆಂಡ್’ ಮಾಡಿ. ‘ಟರ್ನ್ ಆಫ್’ ಬೇಡ, ಅದು ಇಡೀ ಡಿಸ್ಕನ್ನು ಡೀಕ್ರಿಪ್ಟ್ ಮಾಡುತ್ತದೆ.

ಚಾರ್ಜರ್ ಸಿಕ್ಕಿಸಿ, ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ, ಡಾಕ್ ಮತ್ತು ಯುಎಸ್‌ಬಿ ಸಾಧನಗಳನ್ನು ತೆಗೆಯಿರಿ. ಫೈಲ್ ಓಡಿಸಿದ ಮೇಲೆ ಪರದೆ ಕೆಲವು ನಿಮಿಷ ಕಪ್ಪಾಗಬಹುದು, ಫ್ಯಾನ್ ಜೋರಾಗಿ ತಿರುಗಬಹುದು, ಯಂತ್ರ ಎರಡು ಮೂರು ಸಲ ತಾನೇ ರೀಸ್ಟಾರ್ಟ್ ಆಗಬಹುದು. ಹೆಚ್ಚಿನ ಅನಾಹುತಗಳು ಆಗುವುದು ಇದೇ ಹೊತ್ತಿನಲ್ಲಿ ‘ಹ್ಯಾಂಗ್ ಆಯಿತು’ ಎಂದು ಪವರ್ ಬಟನ್ ಒತ್ತುವುದರಿಂದ. ಅರ್ಧ ಗಂಟೆ ಕೈ ಹಾಕಬೇಡಿ. ನಿಜವಾಗಿಯೂ ಕೆಟ್ಟರೂ ದಾರಿ ಇದೆ: ಡೆಲ್‌ನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಯಂತ್ರ ಆಫ್ ಇರುವಾಗ ಕಂಟ್ರೋಲ್ ಮತ್ತು ಎಸ್ಕೇಪ್ ಒತ್ತಿ ಹಿಡಿದು ಚಾರ್ಜರ್ ಸಿಕ್ಕಿಸಿದರೆ ಬಯಾಸ್ ರಿಕವರಿ ತೆರೆಯುತ್ತದೆ. ಎಚ್‌ಪಿಯಲ್ಲಿ ವಿಂಡೋಸ್ ಕೀ ಮತ್ತು ಬಿ ಹಿಡಿದು ಪವರ್ ಬಟನ್ ಒತ್ತಬೇಕು. ಬಯಾಸ್ ಆದ ಮೇಲೆ ಅದರ ಸೆಟ್ಟಿಂಗ್‌ಗಳು ಮೂಲಸ್ಥಿತಿಗೆ ಹೋಗಿವೆಯೇ ನೋಡಿ. ಎಸ್‌ಎಸ್‌ಡಿ ಮೋಡ್ ಬದಲಾಗಿ ವಿಂಡೋಸ್ ಬೂಟ್ ಆಗದಿರುವ ಪ್ರಸಂಗಗಳಿವೆ. ಹಾಗಾಗಿ ಆ ಪುಟಗಳ ಫೋಟೊ ಮೊದಲೇ ತೆಗೆದಿಡಿ.

ಇಷ್ಟಾದ ಮೇಲೂ ತೊಂದರೆ ಉಳಿದರೆ ಕಸ್ಟಮರ್ ಕೇರ್ ಹತ್ತಿರ ಮತ್ತೆ ಹೋಗಿ. ಫೋನ್‌ಗಿಂತ ಚಾಟ್ ಅಥವಾ ಇಮೇಲ್ ಒಳ್ಳೆಯದು, ಆಡಿದ ಮಾತು ದಾಖಲೆಯಲ್ಲಿ ಉಳಿಯುತ್ತದೆ. ನಂಬರನ್ನು ಸರ್ಚ್ ಮಾಡಿ ತೆಗೆದುಕೊಳ್ಳಬೇಡಿ, ಅಲ್ಲಿನ ಜಾಹೀರಾತುಗಳಲ್ಲಿ ವಂಚಕರ ನಂಬರ್‌ಗಳು ಸೇರಿಕೊಂಡಿರುತ್ತವೆ. ತಯಾರಕರ ಸೈಟ್‌ನ ವಿಳಾಸ ನೀವೇ ಟೈಪ್ ಮಾಡಿ, ಸಪೋರ್ಟ್ ಪುಟದಿಂದ ಪಡೆಯಿರಿ. ಪರದೆ ಮೇಲೆ ಎಚ್ಚರಿಕೆಯ ಜೊತೆ ಫೋನ್ ನಂಬರ್ ಬಂದರೆ ಅದು ಮೋಸವೇ: ಮೈಕ್ರೋಸಾಫ್ಟ್‌ನ ಯಾವ ಎರರ್ ಸಂದೇಶದಲ್ಲೂ ಫೋನ್ ನಂಬರ್ ಇರುವುದಿಲ್ಲ. ಪಾಸ್‌ವರ್ಡ್, ಒಟಿಪಿ, ಬಿಟ್‌ಲಾಕರ್ ಕೀ ಯಾರು ಕೇಳಿದರೂ ಕೊಡಬೇಡಿ. ನೀವಾಗಿ ಸಂಪರ್ಕಿಸದೆ ತಾವೇ ಕರೆ ಮಾಡಿದವರಿಗೆ ರಿಮೋಟ್ ಅವಕಾಶವೂ ಬೇಡ.

ಬರೆಯುವ ಮೊದಲು ತಯಾರಕರ ಹಾರ್ಡ್‌ವೇರ್ ಪರೀಕ್ಷೆ ಓಡಿಸಿ. ಆನ್ ಮಾಡುವಾಗ ಡೆಲ್‌ನಲ್ಲಿ ಎಫ್12 ಒತ್ತಿ ಡಯಾಗ್ನೋಸ್ಟಿಕ್ಸ್ ಆರಿಸಬೇಕು, ಎಚ್‌ಪಿಯಲ್ಲಿ ಎಫ್2. ದೋಷ ಸಿಕ್ಕರೆ ಡೆಲ್ ಒಂದು ಎರರ್ ಕೋಡ್ ಮತ್ತು ವ್ಯಾಲಿಡೇಶನ್ ಕೋಡ್ ಕೊಡುತ್ತದೆ, ಎಚ್‌ಪಿ 24 ಅಕ್ಷರಗಳ ಫೇಲ್ಯೂರ್ ಐಡಿ ಕೊಡುತ್ತದೆ. ಸಪೋರ್ಟ್‌ನವರು ಬಿಡಿಭಾಗ ಬದಲಿಸಲು ಕೇಳುವುದೇ ಆ ಕೋಡ್. ಪತ್ರ ಹೀಗಿರಲಿ:

‘ಸೀರಿಯಲ್ ನಂಬರ್ ಇಂಥದ್ದು. ವಿಂಡೋಸ್ 11, ಆವೃತ್ತಿ 24ಎಚ್2. ಬಯಾಸ್ ನಿಮ್ಮ ಪುಟದಲ್ಲಿರುವ ಇತ್ತೀಚಿನದು. ವೈಫೈ ಕಾರ್ಡ್ ಇಂಟೆಲ್ ಎಎಕ್ಸ್201, ಡ್ರೈವರ್ ಆವೃತ್ತಿ ಇಂತಿಷ್ಟು. ಸ್ಲೀಪ್‌ನಿಂದ ಎದ್ದಾಗ ಸುಮಾರು ಮೂರಕ್ಕೆ ಒಂದು ಸಲ ಟಚ್‌ಪ್ಯಾಡ್ ನಿಲ್ಲುತ್ತದೆ, ಆಗ ಐ2ಸಿ ಎಚ್‌ಐಡಿ ಡಿವೈಸ್ ಮೇಲೆ ಕೋಡ್ 10 ಇರುತ್ತದೆ, ಡಿಸೇಬಲ್-ಎನೇಬಲ್ ಮಾಡಿದರೆ ಸರಿಯಾಗುತ್ತದೆ. ಚಿಪ್‌ಸೆಟ್, ಸೀರಿಯಲ್ ಐಒ ಮತ್ತೆ ಹಾಕಿದ್ದೇನೆ. ಹಾರ್ಡ್‌ವೇರ್ ಪರೀಕ್ಷೆ ಪಾಸ್. ಈ ಮಾಡೆಲ್‌ಗೆ ಇದು ಗೊತ್ತಿರುವ ದೋಷವೇ? ಅಲ್ಲವಾದರೆ ಮುಂದಿನ ಹಂತದ ಎಂಜಿನಿಯರ್‌ಗೆ ಕಳುಹಿಸಿ, ಕೇಸ್ ನಂಬರ್ ಕೊಡಿ.’

ಇಂಥ ಪತ್ರಕ್ಕೆ ‘ಫಾರ್ಮ್ಯಾಟ್ ಮಾಡಿ’ ಎಂದು ಉತ್ತರಿಸುವುದು ಸುಲಭವಲ್ಲ. ವಿಂಡೋಸ್‌ನ ‘ರಿಲಯಬಿಲಿಟಿ ಮಾನಿಟರ್’ನಲ್ಲಿ ಯಾವ ದಿನ ಏನು ಕೆಟ್ಟಿತೆಂಬ ಪಟ್ಟಿ ಇರುತ್ತದೆ, ಅದರ ಚಿತ್ರವನ್ನೂ ಲಗತ್ತಿಸಿ. ವಾರಂಟಿ ಮುಗಿದಿದ್ದರೆ ಬಿಡಿಭಾಗ ಉಚಿತವಾಗಿ ಸಿಗದು, ಆದರೆ ಡ್ರೈವರ್ ಮತ್ತು ಬಯಾಸ್ ಸಾಮಾನ್ಯವಾಗಿ ವಾರಂಟಿಗೆ ಕಟ್ಟುಬಿದ್ದಿರುವುದಿಲ್ಲ, ಅವುಗಳ ದೋಷ ವರದಿ ಮಾಡಲು ಹಿಂಜರಿಯಬೇಡಿ. ಗೊತ್ತಿರುವ ದೋಷಕ್ಕೆ ವಾರಂಟಿ ವಿಸ್ತರಣೆ ಇದೆಯೇ ಎಂದೂ ಕೇಳಿ. ಯಂತ್ರವನ್ನು ಸರ್ವೀಸ್‌ಗೆ ಕೊಡಬೇಕಾದರೆ ಬ್ಯಾಕಪ್ ಮಾಡದೆ ಕೊಡಬೇಡಿ, ಮದರ್‌ಬೋರ್ಡ್ ಬದಲಾದರೆ ಟಿಪಿಎಂ ಕೂಡ ಬದಲಾಗಿ ಮತ್ತೆ ಅದೇ 48 ಅಂಕಿ ಕೇಳುತ್ತದೆ.

ಎಲ್ಲ ಸರಿಯಾಗಿ ವೈಫೈ ಮಾತ್ರ ಕಡಿಯುತ್ತಲೇ ಇದ್ದು, ಕಾರ್ಡ್‌ಗೆ ಹೊಸ ಡ್ರೈವರ್ ಬರುವುದೇ ನಿಂತಿದ್ದರೆ ಕಾರ್ಡನ್ನೇ ಬದಲಿಸಬಹುದು. ಮೊದಲು ತಯಾರಕರ ಸರ್ವೀಸ್ ಮ್ಯಾನ್ಯುಯಲ್ ನೋಡಿ. ಕೆಲವು ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೋರ್ಡ್‌ಗೇ ಬೆಸೆದಿರುತ್ತಾರೆ. ಬಿಡಿ ಕಾರ್ಡ್ ಆದರೆ ಅದು ಎಂ.2 2230 ಅಳತೆಯದಾಗಿರುತ್ತದೆ. ಇಂಟೆಲ್ ಎಎಕ್ಸ್201 ಮತ್ತು ಎಎಕ್ಸ್211 ಕಾರ್ಡ್‌ಗಳು ನಿರ್ದಿಷ್ಟ ಇಂಟೆಲ್ ಪ್ರೊಸೆಸರ್‌ಗಳ ಜೊತೆ ಮಾತ್ರ ಕೆಲಸ ಮಾಡುತ್ತವೆ, ಎಎಂಡಿ ಯಂತ್ರಕ್ಕೆ ಹಾಕಿದರೆ ಪತ್ತೆಯೇ ಆಗುವುದಿಲ್ಲ. ಎಎಕ್ಸ್210 ಸಾಮಾನ್ಯ ಪಿಸಿಐಇ ಸಂಪರ್ಕದ ಕಾರ್ಡ್, ಆ ಸಂಪರ್ಕವಿರುವ ಸ್ಲಾಟ್‌ನಲ್ಲಿ ಎರಡೂ ಕಡೆ ನಡೆಯುತ್ತದೆ. ಬದಲಿಸುವಾಗ ಬ್ಯಾಟರಿಯ ಕನೆಕ್ಟರ್ ಮೊದಲು ಬಿಡಿಸಿ. ಎರಡು ಆಂಟೆನಾ ತಂತಿಗಳ ಗುಂಡಿಯನ್ನು ನೇರ ಮೇಲಕ್ಕೆ ಎತ್ತಿ, ಹೊಸ ಕಾರ್ಡ್ ಮೇಲೆ ನೆಟ್ಟಗೆ ಇಟ್ಟು ಬೆರಳಿನಿಂದ ಒತ್ತಿ. ಓರೆಯಾಗಿ ಒತ್ತಿದರೆ ಆ ಗುಂಡಿಯ ಅಂಚು ಬಾಗುತ್ತದೆ, ಸಿಗ್ನಲ್ ಮೊದಲಿಗಿಂತಲೂ ಕಡಿಮೆಯಾಗುತ್ತದೆ.